ಸೀ ಫ್ರೈಟ್ ಝೀರೋ ಅಂದರೆ ಬುಕಿಂಗ್ ಕೊಡಬೇಡಿ

ಹೊರದೇಶಕ್ಕೆ ಸ್ವಲ್ಪಸ್ವಲ್ಪ ಮಾಲು ಕಳಿಸುವ ಚಿಕ್ಕ ಘಟಕದವರು ದಯವಿಟ್ಟು ಪೂರ್ತಿ ಓದಿ. ಕೋಪದಲ್ಲೇ ಬರೆಯುತ್ತಿದ್ದೇನೆ, ಹಿಂದೆಮುಂದೆ ಆಗಿದ್ದರೆ ಹೊಂದಿಸಿಕೊಳ್ಳಿ.

ನಮ್ಮದು ಮೈಸೂರಿನಲ್ಲಿ ಅಗರಬತ್ತಿ ಘಟಕ. ತಿಂಗಳುಗಟ್ಟಲೆ ಸ್ಯಾಂಪಲ್ ಕಳಿಸಿ, ದರ ಎಳೆದಾಡಿ ಜರ್ಮನಿಯಿಂದ ಒಂದು ಆರ್ಡರ್ ಹಿಡಿದಿದ್ದೆವು. ಕಂಟೇನರ್ ತುಂಬುವಷ್ಟು ಮಾಲಲ್ಲ, ಐವತ್ತು ಕಾರ್ಟನ್. ಹಾಗಾಗಿ ಎಲ್‌ಸಿಎಲ್, ಅಂದರೆ ಬೇರೆಯವರ ಮಾಲಿನ ಜೊತೆ ಒಂದೇ ಕಂಟೇನರಿನಲ್ಲಿ. ಒಪ್ಪಂದ ಸಿಎಫ್‌ಆರ್ ಹ್ಯಾಂಬರ್ಗ್. ಅಲ್ಲಿನ ಬಂದರಿನವರೆಗೆ ಹಡಗಿನ ಬಾಡಿಗೆ (ಸೀ ಫ್ರೈಟ್) ನಮ್ಮದು, ಆಮೇಲಿನದು ಬೈಯರ್‌ದು.

ಮೂರ್ನಾಲ್ಕು ಕಡೆ ಕೊಟೇಷನ್ ಕೇಳಿದೆವು. ಎಲ್ಲರೂ ಒಂದು ಸಿಬಿಎಂಗೆ (ಘನ ಮೀಟರ್) ಇಷ್ಟು ಡಾಲರ್ ಅಂತ ಕೊಟ್ಟರು. ಬೆಂಗಳೂರಿನ ಒಬ್ಬ ಫಾರ್ವರ್ಡರ್ (ಮಾಲು ಸಾಗಿಸುವ ಏರ್ಪಾಟು ಮಾಡಿಕೊಡುವವನು) ಮಾತ್ರ "ಸೀ ಫ್ರೈಟ್ ಝೀರೋ ಮೇಡಂ, ಇಲ್ಲಿನ ಲೋಕಲ್ ಚಾರ್ಜಸ್ ಅಷ್ಟೇ ಕೊಡಿ" ಅಂದ. ಹೇಗೆ ಸಾಧ್ಯ ಅಂತ ನಾನು ಕೇಳಿದ್ದೇನೆ. ಕೇಳದೆ ಬುಕ್ ಮಾಡಿದ್ದಲ್ಲ. "ನಮ್ಮದು ವಾಲ್ಯೂಮ್ ಜಾಸ್ತಿ, ರೇಟ್ ಹಾಗೇ ಸಿಗುತ್ತೆ." ಅಲ್ಲಿ ನಮ್ಮ ಬೈಯರ್‌ಗೆ ಎಷ್ಟು ಬೀಳುತ್ತೆ ಅಂತಲೂ ಕೇಳಿದೆ. "ನಾರ್ಮಲ್ ಚಾರ್ಜಸ್ ಮೇಡಂ." ವಾಟ್ಸಾಪ್‌ನಲ್ಲಿ ಈಗಲೂ ಇದೆ ಆ ಉತ್ತರ. ನಾರ್ಮಲ್ ಚಾರ್ಜಸ್!

ಮೊದಲ ತಕರಾರು ಮಾಲು ಹಡಗಿಗೆ ಹತ್ತುವ ಚೆನ್ನೈನಲ್ಲೇ ಶುರುವಾಯಿತು. ಎಲ್‌ಸಿಎಲ್‌ನಲ್ಲಿ ತೂಕದ ಟನ್ ಅಥವಾ ಅಳತೆಯ ಸಿಬಿಎಂ, ಯಾವ ಲೆಕ್ಕ ಜಾಸ್ತಿಯೋ ಅದಕ್ಕೆ ಬಿಲ್ಲು. ಅಗರಬತ್ತಿ ಹಗುರ, ಅಳತೆಯ ಮೇಲೇ ದುಡ್ಡು. ನಮ್ಮ ಕಾರ್ಟನ್ 60, 40, 40 ಸೆಂಟಿಮೀಟರ್. ಐವತ್ತು ಸೇರಿದರೆ 4.8 ಸಿಬಿಎಂ. ಆ ಫಾರ್ವರ್ಡರ್ ಕೊಟ್ಟ ಲೋಕಲ್ ಚಾರ್ಜಸ್ ಬಿಲ್ಲಿನಲ್ಲಿ 5.9! "ಸಿಎಫ್‌ಎಸ್‌ನಲ್ಲಿ (ಕಂಟೇನರಿಗೆ ಮಾಲು ತುಂಬುವ ಗೋಡೌನ್) ಪ್ಯಾಲೆಟ್ (ಮಾಲಿನ ಅಡಿಗೆ ಹಾಕುವ ಹಲಗೆ) ಸೇರಿಸಿ ಅಳೆದಿದ್ದಾರೆ" ಅಂದರು. ನಾವು ಪ್ಯಾಲೆಟ್ಟೇ ಹಾಕಿರಲಿಲ್ಲ ಸ್ವಾಮಿ. ಫೋಟೋ ಕಳಿಸಿ ಅಂದರೆ ಇವತ್ತಿನವರೆಗೆ ಇಲ್ಲ. ಬಿಲ್ಲು ಕಟ್ಟದಿದ್ದರೆ ಬಿಎಲ್ (ಬಿಲ್ ಆಫ್ ಲೇಡಿಂಗ್, ಮಾಲು ಹಡಗಿಗೆ ಕೊಟ್ಟದ್ದಕ್ಕೆ ರಸೀತಿ) ಕೊಡಲ್ಲ ಅಂತ ಕೂತರು. ಬಿಎಲ್ ಇಲ್ಲದೆ ಬ್ಯಾಂಕಿಗೆ ಕಾಗದ ಹೋಗಲ್ಲ. ಕಟ್ಟಿದೆವು.

ಮಾಲು ಹ್ಯಾಂಬರ್ಗ್ ಮುಟ್ಟಿದ ಮೇಲೆ ಬೈಯರ್ ಒಂದು ಇಮೇಲ್ ಕಳಿಸಿದರು, ಜೊತೆಗೆ ಅಲ್ಲಿನ ಏಜೆಂಟ್ ಕೊಟ್ಟ ಬಿಲ್ಲು. ಟರ್ಮಿನಲ್ ಹ್ಯಾಂಡ್ಲಿಂಗ್, ಕಂಟೇನರ್ ಬಿಚ್ಚಿದ್ದಕ್ಕೆ, ಡೆಲಿವರಿ ಆರ್ಡರ್‌ಗೆ (ಮಾಲು ಬಿಡಿಸಿಕೊಳ್ಳಲು ಬೇಕಾದ ಚೀಟಿ), ಡಾಕ್ಯುಮೆಂಟ್‌ಗೆ, ಅದರ ಕೆಳಗೆ ಮತ್ತೆ ಅಡ್ಮಿನ್, ಮತ್ತೆ ಸೆಕ್ಯುರಿಟಿ, ಮತ್ತೊಂದು ಹ್ಯಾಂಡ್ಲಿಂಗ್. ಅದೂ 5.9ರ ಲೆಕ್ಕದಲ್ಲೇ. ಒಟ್ಟು ನಮ್ಮ ಇನ್ವಾಯ್ಸ್‌ನ ಮೂರನೇ ಒಂದು ಭಾಗದ ಹತ್ತಿರ. ಅದಕ್ಕಿಂತ ಚುಚ್ಚಿದ್ದು ಆ ಇಮೇಲ್‌ನ ಕೊನೆಯ ಸಾಲು. ಈ ದುಡ್ಡಿನಲ್ಲಿ ನಿಮಗೆ ಪಾಲು ಬರುತ್ತದೆಯೇ ಎಂದು ಕೇಳಿದ್ದರು. ನಾನು ಅದನ್ನು ಓದಿ ಎಷ್ಟೋ ಹೊತ್ತು ಉತ್ತರ ಬರೆಯಲಾಗಲಿಲ್ಲ. ಅಷ್ಟು ನಾಚಿಕೆ. ಕಳ್ಳತನ ಯಾರದೋ, ಕಳ್ಳರಂತೆ ಕಂಡದ್ದು ನಾವು.

ಫಾರ್ವರ್ಡರ್‌ಗೆ ಫೋನ್ ಮಾಡಿದೆ. "ಡೆಸ್ಟಿನೇಷನ್ ನಮ್ಮ ಕೈಲಿಲ್ಲ ಮೇಡಂ." ಅಲ್ಲಿನ ಏಜೆಂಟ್ ಯಾರು ಅಂದರೆ ನನಗೆ ಗೊತ್ತಿಲ್ಲ ಅಂದ. ಅವನೇ ಕೊಟ್ಟ ಹೌಸ್ ಬಿಎಲ್, ಅಂದರೆ ಅವನ ಸಂಸ್ಥೆಯ ಹೆಸರಿನ ಬಿಎಲ್, ನನ್ನ ಮುಂದೆ ಇತ್ತು. ಡೆಲಿವರಿಗೆ ಇವರನ್ನು ಸಂಪರ್ಕಿಸಿ ಅಂತ ಒಂದು ಚೌಕ ಇರುತ್ತದಲ್ಲ, ಅದರಲ್ಲಿ ಆ ಏಜೆಂಟ್‌ನ ಹೆಸರು, ವಿಳಾಸ, ಫೋನ್ ನಂಬರ್ ಎಲ್ಲ ಇವರೇ ಅಚ್ಚು ಹಾಕಿಸಿದ್ದಾರೆ! ಓದಿ ಹೇಳಿದೆ. ಆಗ ವರಸೆ ಬದಲು: "ರೆಡ್ ಸೀ ಪ್ರಾಬ್ಲಂ ಅಲ್ವಾ ಮೇಡಂ, ಎಲ್ಲ ರೇಟೂ ಏರಿದೆ." 2023ರ ಕೊನೆಯಿಂದ ಕೆಂಪು ಸಮುದ್ರದ ದಾಳಿಗಳಿಗೆ ಹೆದರಿ ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕಾ ಸುತ್ತಿ ಹೋಗಿದ್ದು ನಿಜ. ಅದರಿಂದ ಏರಬೇಕಾದದ್ದು ಹಡಗಿನ ಬಾಡಿಗೆ. ಆ ಬಾಡಿಗೆ ಝೀರೋ ಅಂದವರು ನೀವೇ ತಾನೆ? ಹ್ಯಾಂಬರ್ಗ್ ಗೋಡೌನಿನಲ್ಲಿ ಕಂಟೇನರ್ ಬಿಚ್ಚುವುದಕ್ಕೂ ಕೆಂಪು ಸಮುದ್ರಕ್ಕೂ ಏನು ಸಂಬಂಧ ಅಂತ ಕೇಳಿದೆ. ಅದಕ್ಕೆ ಬಂದ ಉತ್ತರ: "ಮೇಡಂ, ನೀವು ಎಕ್ಸ್‌ಪೋರ್ಟ್‌ಗೆ ಹೊಸಬರು ಅನ್ಸುತ್ತೆ. ಇದೆಲ್ಲ ಇದ್ದದ್ದೇ." ಎಷ್ಟು ತಣ್ಣಗೆ ಹೇಳಿದ ಗೊತ್ತಾ! ಆಮೇಲೆ ಫೋನೂ ಎತ್ತಲಿಲ್ಲ.

ಒಬ್ಬರು ಹಳೇ ಕಸ್ಟಮ್ಸ್ ಬ್ರೋಕರ್ ಒಳಗಿನ ಕಥೆ ಬಿಡಿಸಿ ಹೇಳಿದರು. ಹತ್ತಾರು ಜನರ ಮಾಲು ಒಂದು ಕಂಟೇನರಿಗೆ ಹಾಕುವ ಕನ್ಸೋಲಿಡೇಟರ್ ಇಲ್ಲಿ ಬಾಡಿಗೆ ಬಿಟ್ಟುಬಿಡುತ್ತಾನೆ. ಕೆಲವು ಬಂದರುಗಳಿಗೆ ಸಿಬಿಎಂಗೆ ಇಷ್ಟು ಅಂತ ಫಾರ್ವರ್ಡರ್‌ಗೇ ಎದುರು ದುಡ್ಡು ಕೊಡುತ್ತಾನೆ. ಅಷ್ಟನ್ನೂ ಆ ದಡದ ಏಜೆಂಟ್ ಬೈಯರ್‌ನಿಂದ ಬಡ್ಡಿ ಸಮೇತ ವಸೂಲಿ ಮಾಡುತ್ತಾನೆ. ಬೈಯರ್ ಎಲ್ಲಿಗೆ ಹೋಗಬೇಕು? ಡೆಲಿವರಿ ಆರ್ಡರ್ ಕೊಡುವವನು ಅವನೊಬ್ಬನೇ. ಜಗಳ ಆಡಿದಷ್ಟು ದಿನ ಗೋಡೌನ್ ಬಾಡಿಗೆ ಬೆಳೆಯುತ್ತದೆ. ನಮ್ಮ ಬೈಯರ್ ಕಟ್ಟಿ ಮಾಲು ಬಿಡಿಸಿಕೊಂಡರು, ಅಷ್ಟನ್ನೂ ನಮಗೆ ಬರಬೇಕಾದ ಹಣದಲ್ಲಿ ಹಿಡಿದರು. ಝೀರೋ ಅಂದ ಬಾಡಿಗೆ ಕೊನೆಗೆ ನಮ್ಮ ತಲೆಗೇ ಬಂತು, ಬೇರೆಯವರು ಹೇಳಿದ್ದಕ್ಕಿಂತ ಎಷ್ಟೋ ಜಾಸ್ತಿ.

ಫಾರ್ವರ್ಡರ್‌ಗೆ ಎಂಟಿಒ (ಮಲ್ಟಿಮೋಡಲ್ ಟ್ರಾನ್ಸ್‌ಪೋರ್ಟ್ ಆಪರೇಟರ್) ನೋಂದಣಿ ಇದ್ದರೆ ಸಾಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕೇಂದ್ರದ ಹಡಗು ಇಲಾಖೆ ಡಿಜಿ ಶಿಪ್ಪಿಂಗ್ ಕೊಡುವ ಆ ನೋಂದಣಿ ಇವರಿಗೂ ಇತ್ತು, ಬಿಎಲ್ ಮೇಲೆ ನಂಬರೂ ಇತ್ತು. ಬುಕಿಂಗ್‌ಗೆ ಮೊದಲೇ ಆ ಕಡೆಯ ಚಾರ್ಜುಗಳನ್ನು ಒಂದೊಂದಾಗಿ, ಯೂರೋದಲ್ಲಿ, ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಬೈಯರ್‌ಗೆ ಕಳಿಸಿ ಒಪ್ಪಿಗೆ ತಗೊಳ್ಳಿ. ಫಾರ್ವರ್ಡರ್ "ಆಕ್ಚುಯಲ್ಸ್ ಪ್ರಕಾರ" (ಆಮೇಲೆ ಎಷ್ಟಾಯಿತೋ ಅಷ್ಟು) ಅಂತ ಹೇಳಿದರೆ ಬೇರೆಯವರನ್ನು ನೋಡಿ. ಲಾರಿಗೆ ಹಾಕುವ ಮೊದಲು ಕಾರ್ಟನ್ ಪಕ್ಕ ಟೇಪ್ ಹಿಡಿದು ಫೋಟೋ ತೆಗೆದಿಡಿ. ಸಾಧ್ಯವಾದರೆ ಎಫ್‌ಒಬಿ ಅಥವಾ ಎಫ್‌ಸಿಎ (ಹಡಗಿನ ಬಾಡಿಗೆ ಬೈಯರೇ ಕೊಡುವ ಒಪ್ಪಂದ) ಮಾಡಿ, ಫಾರ್ವರ್ಡರ್‌ನನ್ನು ಬೈಯರೇ ನೇಮಿಸಲಿ. ಅಲ್ಲಿನ ದರ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ವಕೀಲರ ಹತ್ತಿರ ಮಾತಾಡಿದ್ದೇವೆ, ಅದಕ್ಕೇ ಹೆಸರು ಹಾಕುತ್ತಿಲ್ಲ. ಹ್ಯಾಂಬರ್ಗ್‌ಗೆ ಝೀರೋ ಫ್ರೈಟ್ ಕೊಟೇಷನ್ ಇನ್ನು ಯಾರಿಗಾದರೂ ಬಂದಿದ್ದರೆ ಬುಕ್ ಮಾಡುವ ಮೊದಲು ನನಗೊಂದು ಮೆಸೇಜ್ ಹಾಕಿ, ಆ ಏಜೆಂಟ್‌ನ ಬಿಲ್ಲಿನ ಕಾಪಿ ತೋರಿಸುತ್ತೇನೆ.