ತರಬೇತಿಯಿಂದ ಕೆಲಸ ಸಿಗುತ್ತಾ ಎಂದು ಪರೀಕ್ಷಿಸುವುದನ್ನು ಕಲಿಸುವ ಕೋರ್ಸು: ನನ್ನ ರಿವ್ಯೂ

ಓದೂ ಬಿಟ್ಟು, ಕೆಲಸವೂ ಇಲ್ಲದೆ ಇರುವ ಹುಡುಗ ಹುಡುಗಿಯರಿಗೆ ನಾವು ಕೊಡುವ ತರಬೇತಿ ನಿಜಕ್ಕೂ ಉಪಯೋಗಕ್ಕೆ ಬರುತ್ತಾ? ತರಬೇತಿ ಸಿಗುವವರು, ಸಿಗದವರು ಎಂದು ಲಾಟರಿ ಎತ್ತಿ ಗುಂಪು ಮಾಡಿ, ಆಮೇಲೆ ಎರಡನ್ನೂ ಹೋಲಿಸಿ ಇದನ್ನು ಪರೀಕ್ಷಿಸುವುದನ್ನು ಕಲಿಸುವ ಆನ್‌ಲೈನ್ ಕೋರ್ಸೊಂದನ್ನು ಈಚೆಗೆ ಮುಗಿಸಿದೆ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ.

ಉದಾಹರಣೆಗಳು ತುಂಬಾ ಚೆನ್ನಾಗಿವೆ. ಅಮೆರಿಕದ ಜಾಬ್ ಕೋರ್ 16ರಿಂದ 24 ವರ್ಷದವರಿಗೆ ಇರುವ ಸರ್ಕಾರಿ ತರಬೇತಿ, ಹೆಚ್ಚಿನವರು ಅಲ್ಲೇ ಉಳಿದು ಕಲಿಯುತ್ತಾರೆ. 1994ರ ಕೊನೆಯಲ್ಲಿ ಶುರುವಾದ ಅಧ್ಯಯನದಲ್ಲಿ, ಅರ್ಹರಾಗಿದ್ದ ಸುಮಾರು 81,000 ಅರ್ಜಿದಾರರಲ್ಲಿ ಸುಮಾರು 6,000 ಮಂದಿಯನ್ನು ಲಾಟರಿಯಲ್ಲಿ ಆರಿಸಿ 3 ವರ್ಷ ಹೊರಗಿಟ್ಟರು. ಕೇಳಿದರೆ ಕರುಳು ಚುರ್ ಅನ್ನುತ್ತದೆ, ಅಲ್ವಾ? ಆದರೆ ಅವರು ಬೇರೆ ಕಡೆ ಕಲಿಯಲು ಅಡ್ಡಿ ಇರಲಿಲ್ಲ, ಬಹಳ ಮಂದಿ ಕಲಿತರು ಕೂಡ. ಅಂದರೆ ಅಳೆದದ್ದು ಊರಲ್ಲಿ ಹೇಗೂ ಸಿಗುವುದಕ್ಕಿಂತ ಜಾಬ್ ಕೋರ್ ಎಷ್ಟು ಜಾಸ್ತಿ ಕೊಟ್ಟಿತು ಎಂಬುದನ್ನು. ನಾಲ್ಕನೇ ವರ್ಷ ಸಂಪಾದನೆ ಏರಿದ್ದು ಕಂಡಿತು. ಆಮೇಲೆ ತೆರಿಗೆ ದಾಖಲೆ ನೋಡಿದರೆ, 20 ವರ್ಷ ತುಂಬಿದ ಮೇಲೆ ಸೇರಿದವರನ್ನು ಬಿಟ್ಟರೆ ಉಳಿದವರಲ್ಲಿ ಆ ಲಾಭ ಕರಗಿತ್ತು.

ಫ್ರಾನ್ಸಿನ ಪಾಠ ಇನ್ನೂ ಚೆನ್ನಾಗಿದೆ. ಅಲ್ಲಿ 235 ಉದ್ಯೋಗ ಕಚೇರಿಗಳಲ್ಲಿ, ಡಿಗ್ರಿ ಇದ್ದೂ ಕೆಲಸ ಸಿಗದ ಯುವಜನರಿಗೆ ಕೆಲಸ ಹುಡುಕಲು ನೆರವು ಕೊಟ್ಟರು. ಮೊದಲು ಯಾವ ಊರಲ್ಲಿ ಎಷ್ಟು ಪಾಲು ಜನರಿಗೆ ಎಂದು ಲಾಟರಿ, ಆಮೇಲೆ ಯಾರಿಗೆ ಎಂದು ಲಾಟರಿ. ಇದರಿಂದ ಗೊತ್ತಾದ ಕಹಿ ಸತ್ಯ ಏನೆಂದರೆ, ನೆರವು ಸಿಕ್ಕವರಿಗೆ ಬಂದ ಕೆಲಸದಲ್ಲಿ ಒಂದಷ್ಟು ನೆರವು ಸಿಗದವರ ಕೈತಪ್ಪಿದ್ದು. ಒಂದೇ ಲಾಟರಿ ಎತ್ತಿದ್ದರೆ ಊರು ಊರನ್ನು ಹೋಲಿಸಲು ಆಗದೆ ಇದು ಕಾಣುತ್ತಲೇ ಇರಲಿಲ್ಲ.

ಒಂದು ಸ್ಟಾರ್ ಕಳೆದದ್ದು ಯಾಕೆ ಅಂದರೆ, ಸ್ಯಾಂಪಲ್ ಸೈಜ್ (ಪರೀಕ್ಷೆಗೆ ಎಷ್ಟು ಜನ ಬೇಕು ಎಂಬ) ಲೆಕ್ಕಕ್ಕೆ ಗಂಟೆಗಟ್ಟಲೆ ಸಮಯ ಕೊಟ್ಟವರು, ಪರೀಕ್ಷೆಗೆ ಸೇರಿದ ಮಕ್ಕಳನ್ನು ವರ್ಷದ ಮೇಲೆ ಮತ್ತೆ ಹುಡುಕುವುದಕ್ಕೆ ಒಂದೇ ಪುಟ್ಟ ವಿಡಿಯೊ ಇಟ್ಟಿದ್ದಾರೆ. ಈ ವಯಸ್ಸಿನವರು ಸಿಮ್ ಬದಲಿಸುತ್ತಾರೆ, ಡೆಲಿವರಿ ಕೆಲಸಕ್ಕೆ ಬೆಂಗಳೂರಿಗೆ ಹೋಗಿಬಿಡುತ್ತಾರೆ, ಮದುವೆಯಾಗಿ ಊರು ಬಿಡುತ್ತಾರೆ. ಲಾಟರಿಯಲ್ಲಿ ಹೆಸರು ಬಾರದವರು ನಮ್ಮ ಫೋನ್ ಯಾಕೆ ಎತ್ತಬೇಕು? ಅವರೇ ಹೆಚ್ಚು ತಪ್ಪಿಹೋದರೆ ಹೋಲಿಕೆಯೇ ಕೆಡುತ್ತದೆ. ಮೊದಲ ದಿನವೇ ಅಮ್ಮನ, ಗೆಳೆಯರ, ಪಕ್ಕದ ಅಂಗಡಿಯವರ ನಂಬರ್ ಬರೆದುಕೊಳ್ಳಬೇಕು, ನಡುನಡುವೆ ಸುಮ್ನೆ ಮಾತಾಡಿಸಲೂ ಫೋನ್ ಮಾಡಬೇಕು, ಅದಕ್ಕೆ ಬಜೆಟ್‌ನಲ್ಲಿ ಬೇರೆಯೇ ಹಣ ಇಡಬೇಕು. ಇಷ್ಟನ್ನು ಒಂದು ಇಡೀ ಪಾಠವಾಗಿ ಹೇಳಬೇಕಿತ್ತು.

ತರಬೇತಿ ಸಂಸ್ಥೆಗಳಲ್ಲಿ ಇರುವವರು ಧೈರ್ಯವಾಗಿ ಸೇರಿ. ಅಂಕಿಅಂಶ ಮರೆತಿದ್ದರೆ ಲೆಕ್ಕದ ಭಾಗಕ್ಕೆ ಮುಂಚೆ ಸ್ವಲ್ಪ ಓದಿಕೊಳ್ಳಿ.