ಪ್ರೋಬಯಾಟಿಕ್ ಜರ್ನಲ್ ಹೆಸರಲ್ಲಿ ಮೇಲ್ ಬಂದರೆ ಹುಷಾರು

ಮೈಕ್ರೋಬಯಾಲಜಿಯಲ್ಲಿ ಪಿಎಚ್‌ಡಿ ಮಾಡುತ್ತಿರುವವರು ಇದನ್ನು ಓದಿ. ಇಡ್ಲಿ ಹಿಟ್ಟಿನ ಬ್ಯಾಕ್ಟೀರಿಯಾ ಬಗ್ಗೆ ನಾನು ಬರೆದ ಪೇಪರ್ ಒಂದು ನಕಲಿ ಜರ್ನಲ್ ಕೈಗೆ ಸಿಕ್ಕಿಬಿಟ್ಟಿದೆ. ಬಿಡಿಸಿಕೊಳ್ಳುವುದು ಸುಲಭವಿಲ್ಲ.

ಶುರುವಾಗಿದ್ದು ಒಂದು ಮೇಲ್‌ನಿಂದ. 'ಗೌರವಾನ್ವಿತ ಪ್ರೊಫೆಸರ್' ಅಂತ ಸಂಬೋಧನೆ. ನನ್ನ ಥೀಸಿಸ್ಸೇ ಇನ್ನೂ ಮುಗಿದಿಲ್ಲ! ಜರ್ನಲ್ ಹೆಸರಲ್ಲಿ ಗಟ್, ಮೈಕ್ರೋಬ್, ಪ್ರೋಬಯಾಟಿಕ್ ಎಲ್ಲವೂ ಇತ್ತು. 'ಗಟ್ ಮೈಕ್ರೋಬ್ಸ್', 'ಬೆನಿಫಿಷಿಯಲ್ ಮೈಕ್ರೋಬ್ಸ್' ಎಂಬ ಒಳ್ಳೆಯ ಜರ್ನಲ್‌ಗಳಿವೆಯಲ್ವಾ, ಅವುಗಳ ತಂಗಿಯ ಹಾಗೆ ಕಾಣುವ ಹೆಸರು. ಸಂಪಾದಕ ಮಂಡಳಿಯಲ್ಲಿ ದೊಡ್ಡ ವಿಜ್ಞಾನಿಗಳು. ಜರ್ನಲ್‌ಗಳಿಗೆ ಕೊಡುವ ಐಎಸ್‌ಎಸ್‌ಎನ್ ನಂಬರೂ ಇತ್ತು. ಶುಲ್ಕದ ಮಾತೇ ಇರಲಿಲ್ಲ.

ನಂಬಿ ಪೇಪರ್ ಕಳಿಸಿದೆ. ವಾರದೊಳಗೆ ರಿವ್ಯೂ, ಅಂದರೆ ತಜ್ಞರ ಅಭಿಪ್ರಾಯ, ಬಂತು. ಎರಡು ಸಾಲು, ಅದರಲ್ಲೂ ಒಂದು ಎಡವಟ್ಟು. ಲ್ಯಾಕ್ಟೋಬ್ಯಾಸಿಲಸ್ ಕುಲವನ್ನು 2020ರಲ್ಲಿ 25 ಕುಲಗಳಾಗಿ ಒಡೆದರು. ಅದರಲ್ಲಿದ್ದ ಪ್ಲಾಂಟಾರಮ್ ಎಂಬ ಪ್ರಭೇದದ ಕುಲ ಈಗ ಲ್ಯಾಕ್ಟಿಪ್ಲಾಂಟಿಬ್ಯಾಸಿಲಸ್. ನಾನು ಹೊಸ ಹೆಸರನ್ನೇ ಬರೆದಿದ್ದೆ. ರಿವ್ಯೂ ಮಾಡಿದ ಮಹಾನುಭಾವರು ಅದು ಅಕ್ಷರದೋಷ, ತಿದ್ದಿ ಅಂದರು! ಶೀರ್ಷಿಕೆಗೆ 'ಪ್ರೋಬಯಾಟಿಕ್' ಸೇರಿಸಿ ಅಂತಲೂ ಸಲಹೆ. ನಾವು ಪರೀಕ್ಷಿಸಿದ್ದು ಆ ಬ್ಯಾಕ್ಟೀರಿಯಾ ಆಸಿಡ್ ಮತ್ತು ಪಿತ್ತರಸವನ್ನು ತಾಳಿಕೊಳ್ಳುತ್ತದಾ ಅಂತ ಮಾತ್ರ. ತಿಂದವರ ಆರೋಗ್ಯಕ್ಕೆ ಲಾಭ ಅಂತ ತೋರಿಸದೆ ಹಾಗೆ ಕರೆಯುವಂತಿಲ್ಲ.

ಪೇಪರ್ ವಾಪಸ್ ಕೊಡಿ ಅಂತ ಬರೆದೆ. ಉತ್ತರವಾಗಿ ಡಾಲರ್ ಲೆಕ್ಕದಲ್ಲಿ 'ವಾಪಸಾತಿ ಶುಲ್ಕ'ದ ಬಿಲ್ ಬಂತು. ಕಟ್ಟಲಿಲ್ಲ. ಕಾಪಿರೈಟ್ ಫಾರಂಗೆ ಸಹಿಯನ್ನೂ ಹಾಕಿರಲಿಲ್ಲ. ಆದರೂ ಪ್ರಕಟಿಸಿಬಿಟ್ಟರು. ಆಮೇಲೆ ಒಳ್ಳೆಯ ಜರ್ನಲ್‌ಗೆ ಕಳಿಸಿದರೆ ಅವರ ಸಾಫ್ಟ್‌ವೇರ್ ಹಿಡಿದುಹಾಕಿತು: ಇದು ಆಗಲೇ ಪ್ರಕಟವಾಗಿದೆ. ಸಹಿ ಮಾಡಿಲ್ಲ, ಹಣ ಕಟ್ಟಿಲ್ಲ ಅಂತ ಮೇಲ್‌ಗಳನ್ನೆಲ್ಲ ಆ ಎಡಿಟರ್‌ಗೆ ಕಳಿಸಿ ಕಾಯುತ್ತಿದ್ದೇನೆ. ನಕಲಿ ಜರ್ನಲ್‌ನ ಮಂಡಳಿಯಲ್ಲಿದ್ದ ಒಬ್ಬ ವಿಜ್ಞಾನಿಗೂ ಬರೆದೆ. ತನ್ನ ಹೆಸರು ಅಲ್ಲಿರುವುದೇ ಅವರಿಗೆ ಗೊತ್ತಿರಲಿಲ್ಲ.

ಇದೇನೂ ಹೊಸ ದಂಧೆಯಲ್ಲ. 2013ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತ ಬೇಕಂತಲೇ ತಪ್ಪು ತುಂಬಿದ ಪೇಪರ್ ಬರೆದು 304 ಓಪನ್ ಆಕ್ಸೆಸ್ (ಯಾರು ಬೇಕಾದರೂ ಉಚಿತವಾಗಿ ಓದಬಹುದಾದ) ಜರ್ನಲ್‌ಗಳಿಗೆ ಕಳಿಸಿದ್ದರು. ಅರ್ಧಕ್ಕಿಂತ ಜಾಸ್ತಿ ಜರ್ನಲ್‌ಗಳು ಒಪ್ಪಿಕೊಂಡವು. ನಮ್ಮಲ್ಲಿ ಒಪ್ಪಿತ ಜರ್ನಲ್‌ಗಳ ಯುಜಿಸಿ-ಕೇರ್ ಪಟ್ಟಿಯಾದರೂ ಇತ್ತು, 2025ರಲ್ಲಿ ಅದನ್ನೂ ನಿಲ್ಲಿಸಿದರು. ಈಗ ನಾವೇ ನೋಡಿಕೊಳ್ಳಬೇಕು.

ಐಎಸ್‌ಎಸ್‌ಎನ್ ಬರೀ ಗುರುತಿನ ನಂಬರ್, ಗುಣಮಟ್ಟದ ಮುದ್ರೆಯಲ್ಲ. ಅಸಲಿ ಇಂಪ್ಯಾಕ್ಟ್ ಫ್ಯಾಕ್ಟರ್ (ಜರ್ನಲ್‌ನ ಲೇಖನಗಳು ಸರಾಸರಿ ಎಷ್ಟು ಸಲ ಉಲ್ಲೇಖವಾಗುತ್ತವೆ ಅನ್ನುವ ಅಂಕ) ಕೊಡುವುದು ಕ್ಲಾರಿವೇಟ್ ಕಂಪನಿ ಒಂದೇ. ಆ ಹೆಸರಿಗೆ 'ಗ್ಲೋಬಲ್', 'ಯೂನಿವರ್ಸಲ್' ಅಂತ ಹಿಂದೆಮುಂದೆ ಏನಾದರೂ ಅಂಟಿಕೊಂಡಿದ್ದರೆ ಅನುಮಾನಪಡಿ. ಸ್ಕೋಪಸ್ ಎಂಬ ಡೇಟಾಬೇಸ್‌ನಲ್ಲಿದೆ ಅಂತ ಜರ್ನಲ್‌ನವರು ಹೇಳಿದ್ದನ್ನು ನಂಬದೆ ಸ್ಕೋಪಸ್ ಸೈಟಿಗೇ ಹೋಗಿ ಹುಡುಕಿ. ಓಪನ್ ಆಕ್ಸೆಸ್ ಆದರೆ ಅಂಥ ಜರ್ನಲ್‌ಗಳ ಪಟ್ಟಿಯಾದ ಡಿಒಎಜೆಯಲ್ಲಿ ನೋಡಿ. ಶುಲ್ಕ ಕೇಳುವುದೇ ಮೋಸ ಅಲ್ಲ, ಒಳ್ಳೆಯ ಜರ್ನಲ್‌ಗಳೂ ಕೇಳುತ್ತವೆ, ಆದರೆ ಸೈಟಿನಲ್ಲಿ ಮೊದಲೇ ಬರೆದಿರುತ್ತವೆ.

ಈಗಾಗಲೇ ಕಳಿಸಿದ್ದೀರಾ? ಹಣ ಕಟ್ಟಬೇಡಿ, ಯಾವ ಫಾರಂಗೂ ಸಹಿ ಹಾಕಬೇಡಿ. ಪೇಪರ್ ವಾಪಸ್ ಪಡೆಯುತ್ತಿದ್ದೇನೆ ಅಂತ ಇವತ್ತೇ ಮೇಲ್ ಮಾಡಿ, ಗೈಡ್‌ಗೂ ಒಂದು ಕಾಪಿ ಹಾಕಿ.