ಬರ್ಗಮಾಟ್ ಪಾತಿ, ಕ್ಯಾಚ್‌ಫ್ಲೈ ಪಾತಿ

ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ ನಮ್ಮದು ಸಣ್ಣ ಹಿತ್ತಲು, ಹಾರೆಗೂ ಬಗ್ಗದ ಜೇಡಿಮಣ್ಣು. ಇಲಿನಾಯ್‌ಗೆ ‘ಪ್ರೈರಿ ಸ್ಟೇಟ್’, ಅಂದರೆ ಹುಲ್ಲುಗಾವಲಿನ ರಾಜ್ಯ, ಅನ್ನೋ ಬಿರುದೇನೋ ಇದೆ. ಆದರೆ ಹಿಂದೆ ಇದ್ದ ಸುಮಾರು 2.2 ಕೋಟಿ ಎಕರೆ ಹುಲ್ಲುಗಾವಲಲ್ಲಿ ಈಗ ಚೆನ್ನಾಗಿ ಉಳಿದಿರೋದು ಸಾವಿರಕ್ಕೆ ಒಂದು ಪಾಲೂ ಇಲ್ಲ. ಮಕರಂದ ಕುಡಿಯೋ ಪುಟ್ಟ ಹಕ್ಕಿ ಹಮ್ಮಿಂಗ್‌ಬರ್ಡ್ ಬರಲಿ ಅಂತ ಬೇಲಿ ಬುಡದಲ್ಲಿ ಎರಡು ಪಾತಿ ಮಾಡಿದೆ. ಒಂದರಲ್ಲಿ ವೈಲ್ಡ್ ಬರ್ಗಮಾಟ್, ಇನ್ನೊಂದರಲ್ಲಿ ರಾಯಲ್ ಕ್ಯಾಚ್‌ಫ್ಲೈ. ಎರಡೂ ಪ್ರೈರಿಯ ಗಿಡಗಳೇ.

ಬರ್ಗಮಾಟ್ ಬೀಜ ಚೆಲ್ಲಿದರೆ ಸಾಕು, ಹುಟ್ಟಿಬಿಡುತ್ತೆ. ಎರಡನೇ ಬೇಸಿಗೆಗೆ ಎದೆಮಟ್ಟ ಬೆಳೆದು, ಜುಲೈಯಲ್ಲಿ ತಿಳಿನೇರಳೆ ಹೂವು ಕೆದರಿಕೊಂಡು ನಿಂತಿತು. ತುಳಸಿ, ದೊಡ್ಡಪತ್ರೆಯ ಬಳಗದ್ದೇ. ದಂಟು ಮುಟ್ಟಿದರೆ ಚೌಕ. ಹಾಸನದಿಂದ ಬಂದಿದ್ದ ಅಮ್ಮ ಎಲೆ ಹೊಸಕಿ ಮೂಸಿ, “ಇದೇನೋ, ಓಮದ ವಾಸನೆ!” ಅಂದರು. ಸರಿಯಾಗೇ ಹೇಳಿದರು, ಎರಡರಲ್ಲೂ ಇರೋದು ಥೈಮಾಲ್ ಅನ್ನೋ ಘಾಟು ವಾಸನೆಯ ಅಂಶ. ಜಿಂಕೆ ಬಾಯಿ ಹಾಕದಿರೋದಕ್ಕೂ ಬಹುಶಃ ಅದೇ ಕಾರಣ. ಚಿಟ್ಟೆ, ದುಂಬಿ ಬೆಳಗಿಂದ ಸಂಜೆವರೆಗೂ ಮುತ್ತಿಕೊಂಡಿರುತ್ತವೆ. ಆಗಸ್ಟ್ ಬಂತೆಂದರೆ ಮಾತ್ರ ಎಲೆಗೆಲ್ಲ ಬೂದಿ ರೋಗ. ನೋಡೋಕೆ ಅಸಹ್ಯ, ಗಿಡ ಸಾಯೋದಿಲ್ಲ.

ಕ್ಯಾಚ್‌ಫ್ಲೈ ನನ್ನ ತಾಳ್ಮೆಯನ್ನೇ ಅಳೆಯಿತು. ಬೀಜಕ್ಕೆ ಚಳಿ ತಾಗಲಿ ಅಂತ ಹಾಲಿನ ಕ್ಯಾನ್ ಕತ್ತರಿಸಿ, ಮಣ್ಣು ತುಂಬಿ ಬಿತ್ತಿ, ನವೆಂಬರ್‌ನಿಂದ ಹಿಮದಲ್ಲೇ ಇಟ್ಟಿದ್ದೆ. ವಸಂತದಲ್ಲಿ ಹನ್ನೊಂದು ಸಸಿ ಬಂದವು. ಪಾತಿಗೆ ನೆಟ್ಟ ಮೇಲೆ ಕಳೆ ಅಂದುಕೊಂಡು ನಾನೇ ನಾಲ್ಕನ್ನು ಕಿತ್ತು ಎಸೆದೆ. ಉಳಿದವು ಮೇಲೆ ಏಳದೆ ಬೇರನ್ನೇ ಆಳಕ್ಕೆ ಇಳಿಸುತ್ತಾ ಕೂತವು. ಹೂವು ಕಂಡದ್ದು ಮೂರನೇ ವರ್ಷ. ಆದರೆ ಆ ಕೆಂಪು! ಐದೆಸಳಿನ ನಕ್ಷತ್ರ, ಹಿಂದೆ ಉದ್ದನೆಯ ಕೊಳವೆ. ಕೊಳವೆಯ ಹೊರಗೆಲ್ಲ ಅಂಟು. ಮುಟ್ಟಿ ನೋಡಿದಾಗ ಸಾಸಿವೆಗಿಂತ ಸಣ್ಣ ಹುಳವೊಂದು ಅದರಲ್ಲಿ ಸಿಕ್ಕಿಕೊಂಡಿತ್ತು.

ಹಕ್ಕಿ ವಿಷಯಕ್ಕೆ ಬಂದರೆ ಕ್ಯಾಚ್‌ಫ್ಲೈಯೇ ಮೇಲು, ಎರಡು ಮಾತಿಲ್ಲ. ಈ ಕಡೆ ಗೂಡು ಕಟ್ಟೋ ಹಮ್ಮಿಂಗ್‌ಬರ್ಡ್ ಒಂದೇ ಜಾತಿ, ಕೆಂಪುಕೊರಳಿನದು. ತೂಕ ಮೂರು ಗ್ರಾಂ ಆಸುಪಾಸು. ಅದು ಬರ್ಗಮಾಟ್‌ಗೂ ಬರುತ್ತೆ, ನಾಲ್ಕು ಹೂವು ನೋಡಿ ಹೋಗಿಬಿಡುತ್ತೆ. ಕೆಂಪು ಹೂವಿನ ಮುಂದೆ ಮಾತ್ರ ಗಾಳಿಯಲ್ಲೇ ನಿಂತು ಒಂದೊಂದನ್ನೂ ಬಿಡದೆ ಕುಡಿಯುತ್ತೆ. “ನಮ್ಮ ಸೂರಕ್ಕಿ ಥರಾನೇ, ಆದ್ರೆ ಕೂರೋದೇ ಇಲ್ವಲ್ಲ!” ಅಂತ ಅಮ್ಮನಿಗೆ ಆಶ್ಚರ್ಯ.

ಹೊಸದಾಗಿ ಶುರು ಮಾಡೋರಿಗೆ ನಾನು ಹೇಳೋದು ಬರ್ಗಮಾಟನ್ನೇ. ಕ್ಯಾಚ್‌ಫ್ಲೈ ಬೇಕೇ ಬೇಕೆಂದರೆ ಸಸಿ ಕೊಂಡು ನೆಡಿ, ಒಂದೆರಡು ವರ್ಷ ಕಾಯೋದು ತಪ್ಪುತ್ತೆ. ಎರಡನ್ನೂ ಪಕ್ಕಪಕ್ಕ ಹಾಕೋ ನನ್ನ ತಪ್ಪು ಮಾತ್ರ ಮಾಡಬೇಡಿ: ಬರ್ಗಮಾಟ್ ಬೇರು ಈಗಾಗಲೇ ಪಕ್ಕದ ಪಾತಿಗೆ ನುಗ್ಗಿದೆ, ಈ ಶನಿವಾರ ಸಲಿಕೆ ಹಿಡೀಬೇಕು.